ಮಾನ್ಯಖೇಟದ ಮೇಲಣ ಧೂಮಕೇತು



ಆಕಾಶವನ್ನು ನೋಡುವ ಅಭ್ಯಾಸವುಳ್ಳವರಿಗೆ ಅಲ್ಲಿಯ ವ್ಯವಹಾರವೆಲ್ಲ ಕ್ರಮಬದ್ಧವಾಗಿ ತೋರುತ್ತದೆ. ಸೂರ್ಯನು ಹೊತ್ತಿಗೆ ಸರಿಯಾಗಿ ಮೂಡುವನು. ಚಂದ್ರನು ಒಂದು ಪಕ್ಷ ಬೆಳೆದು ಒಂದು ಪಕ್ಷ ಕರಗುವನು. ಗುರು ಶನಿಗಳು ಯಾವ ರಾಶಿಯಲ್ಲಿರುವರೆಂಬುದನ್ನು ಪಂಚಾಂಗವು ವರ್ಷಕ್ಕೆ ಮೊದಲೇ ಅಚ್ಚು ಹಾಕಿ ಹೇಳುತ್ತದೆ. ಗ್ರಹಣವು ಕೆಲವರನ್ನು ಹೆದರಿಸಿದರೂ ಹೇಳಿ ಬರುವ ನೆಂಟನೇ ಸರಿ. ಇಂತಹ ಶಿಸ್ತಿನ ಸಂಸಾರದೊಳಕ್ಕೆ ಕರೆಯದೆ ಬಂದು, ಕೆಲವು ವಾರಗಳ ಕಾಲ ತಲೆಗೂದಲನ್ನು ಹರಡಿಕೊಂಡು ನಿಂತು, ಹೇಳದೆಯೇ ಹೊರಟುಹೋಗುವ ಅತಿಥಿಯೊಂದುಂಟು. ಸಂಸ್ಕೃತದಲ್ಲಿ ಅದಕ್ಕೆ ಧೂಮಕೇತುವೆಂದು ಹೆಸರು, ಎಂದರೆ ಹೊಗೆಯ ಬಾವುಟ. ನಮ್ಮ ಆಡುಮಾತಿನಲ್ಲಿ ಅದು ಬಾಲಚುಕ್ಕೆ.

ಇಂದಿನ ಭಾಷಣಕ್ಕೆ ಈ ಅತಿಥಿಯೇ ವಿಷಯ. ಅದನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ನೆಲದ ಮೇಲೆ ನಿಂತು ನೋಡೋಣವೆಂದು ನನ್ನ ಉದ್ದೇಶ. ಕಾಗಿಣಾ ನದಿಯ ದಡದ ಈ ಸೀಮೆಯನ್ನೇ ಏಕೆ ಆರಿಸಿಕೊಂಡೆನೆಂಬುದಕ್ಕೆ ಬಲವಾದ ಕಾರಣವಿದೆ. ಸೇಡಂ ತಾಲ್ಲೂಕಿನಲ್ಲಿ ಮಳಖೇಡವೆಂಬ ಊರಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಆ ನಗರವನ್ನು ರಾಜಧಾನಿಯನ್ನಾಗಿಸಿದ ಅಮೋಘವರ್ಷ ನೃಪತುಂಗನು ಕ್ರಿ. ಶ. ೮೧೪ರಿಂದ ೮೭೮ರ ವರೆಗೆ ಆಳಿದನು. ಅವನ ಆಳ್ವಿಕೆಯ ನಡುವೆ, ೮೩೭ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಇಂದು ನಾವು ಹ್ಯಾಲಿಯ ಧೂಮಕೇತುವೆಂದು ಕರೆಯುವ ಬಾಲಚುಕ್ಕೆಯು ಭೂಮಿಗೆ ಕೇವಲ ಐವತ್ತು ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಇದು ಚಂದ್ರನ ದೂರದ ಹದಿಮೂರರಷ್ಟು ಮಾತ್ರ. ನಮಗೆ ತಿಳಿದಿರುವ ಅದರ ಭೇಟಿಗಳಲ್ಲೆಲ್ಲ ಅದು ಭೂಮಿಗೆ ಇಷ್ಟು ಹತ್ತಿರ ಬಂದುದು ಇದೊಂದೇ ಸಲ. ಅಂದು ಅದರ ಬಾಲವು ಹೆಚ್ಚು ಕಡಿಮೆ ಅರ್ಧ ಆಕಾಶಕ್ಕೆ ಹಬ್ಬಿತ್ತೆಂದು ಚೀನದೇಶದ ಆಸ್ಥಾನ ಜ್ಯೋತಿಷಿಗಳ ಬರಹದಿಂದ ತಿಳಿಯುತ್ತದೆ.

ಈ ನೋಟವನ್ನು ಕಂಡು ಕಳವಳಗೊಂಡ ದೊರೆಗಳು ಇದ್ದರು. ಚೀನದಲ್ಲಿ ತಾಂಗ್ ವಂಶದ ಚಕ್ರವರ್ತಿ ವೆನ್‌ತ್ಸುಂಗ್, ಯೂರೋಪಿನಲ್ಲಿ ಫ್ರಾಂಕರ ಚಕ್ರವರ್ತಿ ಲೂಯಿ, ಇಬ್ಬರೂ ಇದು ತಮಗೆ ಬಂದ ಸೂಚನೆಯೆಂದು ಭಾವಿಸಿದರು. ಇಬ್ಬರೂ ೮೪೦ರಲ್ಲಿ ತೀರಿಕೊಂಡರು. ಶಕುನವನ್ನು ನಂಬುವವನಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ. ಆದರೆ ಅದೇ ಧೂಮಕೇತು ಮಾನ್ಯಖೇಟದ ಮೇಲೆಯೂ ಬೆಳಗಿತ್ತಷ್ಟೆ? ಅಮೋಘವರ್ಷನು ಅದಾದ ಮೇಲೆ ಇನ್ನೂ ನಾಲ್ವತ್ತು ವರ್ಷ ರಾಜ್ಯವಾಳಿದನು. ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಅದೇ ಮಾನ್ಯಖೇಟವನ್ನು ಪರಮಾರರ ಸೀಯಕನು ಸೂರೆಗೊಂಡುದು ೯೭೨ರಲ್ಲಿ. ಹ್ಯಾಲಿಯ ಧೂಮಕೇತುವಾದರೋ ೯೧೨ರಲ್ಲಿ ಒಮ್ಮೆ ಬಂದುಹೋಗಿ, ಮತ್ತೆ ಮುಖ ತೋರಿದುದು ೯೮೯ರಲ್ಲಿ, ರಾಷ್ಟ್ರಕೂಟರ ಮನೆ ಬರಿದಾದ ಮೇಲೆ. ಬಾಲಚುಕ್ಕೆ ಬಂದಾಗ ಬಾಳಿದ ದೊರೆಯನ್ನೂ, ಅದು ಬಾರದಿದ್ದಾಗ ಅಳಿದ ದೊರೆತನವನ್ನೂ ಲೆಕ್ಕಕ್ಕೆ ಹಿಡಿದರೆ ಶಕುನದ ಶಾಸ್ತ್ರವು ನಿಲ್ಲುವುದಿಲ್ಲ.

ನಮ್ಮ ಹಿಂದಿನವರು ಈ ವಿಷಯವನ್ನು ಯೋಚಿಸಿರಲಿಲ್ಲವೆಂದು ತಿಳಿಯಬಾರದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕೇತುಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅದರಲ್ಲಿ ಶಕುನಫಲಗಳೂ ಇವೆ. ಆದರೆ ಎರಡು ಮಾತುಗಳು ಇಂದಿಗೂ ಗಮನಾರ್ಹವಾದವು. ಕೇತುಗಳ ಉದಯವನ್ನಾಗಲಿ ಅಸ್ತವನ್ನಾಗಲಿ ಗಣಿತದಿಂದ ತಿಳಿಯಲು ಸಾಧ್ಯವಿಲ್ಲವೆಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಎರಡನೆಯದಾಗಿ, ಕೇತುಗಳು ನೂರೊಂದೆಂದು ಕೆಲವರೂ ಸಾವಿರವೆಂದು ಕೆಲವರೂ ಹೇಳುತ್ತಿರಲು, ಇರುವುದು ಒಂದೇ ಕೇತು, ಅದೇ ಹಲವು ರೂಪಗಳಿಂದ ತೋರುವುದೆಂದು ನಾರದನ ಮತವೊಂದನ್ನು ಅವನು ಉಲ್ಲೇಖಿಸುತ್ತಾನೆ. ಬೇರೆ ಬೇರೆ ಕಾಲದಲ್ಲಿ ಕಂಡವು ಒಂದೇ ವಸ್ತುವಾಗಿರಬಹುದೆಂಬ ಈ ಊಹೆಯ ಒಂದು ಅಂಶ ಮುಂದೆ ಗಣಿತದಿಂದಲೇ ಸಿದ್ಧವಾಯಿತು. ಅದು ಹೇಗೆಂಬುದನ್ನು ಹೇಳುವ ಮೊದಲು, ಧೂಮಕೇತುವೆಂದರೆ ಏನೆಂಬುದನ್ನು ತಿಳಿಯೋಣ.

ಧೂಮಕೇತುವಿನ ಗರ್ಭವು ಒಂದು ಗುಡ್ಡದಷ್ಟೋ ಒಂದು ಪಟ್ಟಣದಷ್ಟೋ ಇರುವ ಹಿಮದ ಗಡ್ಡೆ. ಹಿಮವೆಂದರೆ ಶುದ್ಧವಾದ ನೀರ್ಗಲ್ಲೆಂದಲ್ಲ. ಹೆಪ್ಪುಗಟ್ಟಿದ ನೀರು, ಹೆಪ್ಪುಗಟ್ಟಿದ ಇಂಗಾಲಾಮ್ಲ ಮೊದಲಾದ ಅನಿಲಗಳು, ಅವುಗಳೊಡನೆ ಬೆರೆತ ಮಣ್ಣುಧೂಳು. ಅಮೆರಿಕದ ಫ್ರೆಡ್ ವಿಪ್ಪಲ್ ಎಂಬ ವಿದ್ವಾಂಸರು ೧೯೫೦ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ೧೯೮೬ರ ಮಾರ್ಚ್ ತಿಂಗಳಿನಲ್ಲಿ ಯೂರೋಪಿನವರು ಕಳುಹಿಸಿದ ಜಿಯೊಟ್ಟೊ ಎಂಬ ನೌಕೆಯು ಹ್ಯಾಲಿಯ ಗರ್ಭಕ್ಕೆ ಸುಮಾರು ೬೦೦ ಕಿಲೋಮೀಟರ್ ಸಮೀಪಕ್ಕೆ ಹೋಗಿ ಚಿತ್ರಗಳನ್ನು ತೆಗೆಯಿತು. ಆಗ ಕಂಡುದು ೧೫ ಕಿಲೋಮೀಟರ್ ಉದ್ದ, ೮ ಕಿಲೋಮೀಟರ್ ಅಗಲದ, ಕಲ್ಲಿದ್ದಲಿನಂತೆ ಕಪ್ಪಾದ ಒಂದು ಗಡ್ಡೆ. ಆಕಾಶದಲ್ಲಿ ಅಷ್ಟೊಂದು ಬೆಳ್ಳಗೆ ಹೊಳೆಯುವ ವಸ್ತುವಿನ ಒಡಲು ಇಷ್ಟು ಕಪ್ಪು! ಸೂರ್ಯನು ಹುಟ್ಟಿದ ಕಾಲದಲ್ಲಿ ಗ್ರಹಗಳನ್ನು ಕಟ್ಟಿ ಉಳಿದ ಸಾಮಗ್ರಿಯೇ ಈ ಗಡ್ಡೆಗಳು. ಇವುಗಳ ವಯಸ್ಸು ಸುಮಾರು ೪೬೦ ಕೋಟಿ ವರ್ಷ. ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದಿನ ಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದುದು. ನಾವು ದಿನವೂ ತುಳಿದಾಡುವ ಈ ಹಳೆಯ ಕಲ್ಲು ಧೂಮಕೇತುವಿನ ಮುಂದೆ ಮೊನ್ನೆ ಹುಟ್ಟಿದ ಕೂಸು.

ಈ ಗಡ್ಡೆಯು ಸೂರ್ಯನಿಂದ ದೂರದಲ್ಲಿರುವವರೆಗೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಗುರುಗ್ರಹದ ಮಾರ್ಗವನ್ನು ದಾಟಿ, ಮಂಗಳ, ಭೂಮಿ, ಶುಕ್ರ, ಬುಧಗಳಿರುವ ಒಳಮನೆಗೆ ಬರುತ್ತಲೇ ಬಿಸಿಲಿಗೆ ಹಿಮವು ಕಾದು ನೇರವಾಗಿ ಆವಿಯಾಗುವುದು. ಆವಿಯು ಧೂಳನ್ನು ಎಬ್ಬಿಸಿಕೊಂಡು ಗರ್ಭದ ಸುತ್ತ ಲಕ್ಷಗಟ್ಟಲೆ ಕಿಲೋಮೀಟರ್ ಹರಡುವುದು. ಇದೇ ಧೂಮಕೇತುವಿನ ತಲೆ. ಇದರಿಂದ ಹೊರಟ ಬಾಲವಾದರೋ ಕೋಟಿಗಟ್ಟಲೆ ಕಿಲೋಮೀಟರ್ ಉದ್ದ.

ಬಾಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಹಿಂದೆ ವಾಡಿಯ ನಿಲ್ದಾಣದಿಂದ ಹೊರಟ ಉಗಿಬಂಡಿಯ ಹೊಗೆಯು ಬಂಡಿಯ ಹಿಂದೆ ಎಳೆದಂತೆ ಕಾಣುತ್ತಿದ್ದಿತು. ಧೂಮಕೇತುವಿನ ಬಾಲವೂ ಹಾಗೆಯೇ ಅದರ ಹಿಂದೆ ಜೋಲುವುದೆಂದು ಜನರು ಎಣಿಸುತ್ತಾರೆ. ನಿಜವಾದ ಹೋಲಿಕೆ ಕಾರ್ಖಾನೆಯ ಹೊಗೆಗೊಳವೆಯದು. ಗಾಳಿ ಎತ್ತ ಬೀಸುವುದೋ ಆ ಹೊಗೆ ಅತ್ತಲೇ ಬಾಗುವುದಲ್ಲವೆ? ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುತ್ಕಣಗಳ ಗಾಳಿಯೊಂದು ಬೀಸುತ್ತಿರುತ್ತದೆ. ಅವನ ಬೆಳಕೂ ಸೂಕ್ಷ್ಮವಾದ ಧೂಳನ್ನು ನೂಕುವ ಶಕ್ತಿಯುಳ್ಳದ್ದು. ಆದುದರಿಂದ ಬಾಲವು ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆ. ಬರುವಾಗ ಅದು ತಲೆಯ ಹಿಂದಿರುವುದು; ಸೂರ್ಯನನ್ನು ಬಳಸಿ ಹಿಂತಿರುಗುವಾಗ ತಲೆಗಿಂತ ಮುಂದೆ ನಡೆಯುವುದು. ಚೆನ್ನಾಗಿ ಬೆಳೆದ ಧೂಮಕೇತುವಿಗೆ ಎರಡು ಬಾಲಗಳಿರುತ್ತವೆ. ಅನಿಲದ ಬಾಲವು ನೀಲಿಯ ಛಾಯೆಯುಳ್ಳದ್ದು, ನೆಟ್ಟಗಿರುವುದು. ಧೂಳಿನ ಬಾಲವು ಅಚ್ಚ ಬಿಳುಪಿಗೆ ತುಸು ಹಳದಿ ಬೆರೆತದ್ದು, ಬಾಗಿದ ಬೀಸಣಿಗೆಯಂತಹುದು.

ಇನ್ನು ಅದರ ಮಾರ್ಗದ ಮಾತು. ೧೫೭೭ರ ಧೂಮಕೇತುವನ್ನು ಅಳೆದು ನೋಡಿದ ಟೈಕೋ ಬ್ರಾಹೆಯು ಅದು ಚಂದ್ರನಿಗಿಂತ ಬಹುದೂರದಲ್ಲಿದೆಯೆಂದು ತೋರಿಸಿದನು. ಅಲ್ಲಿಗೆ ಅದು ಭೂಮಿಯ ಗಾಳಿಯಲ್ಲಿ ಹುಟ್ಟುವ ಉರಿಯೆಂಬ ಹಳೆಯ ಭಾವನೆ ಸಡಿಲಿತು. ಮುಂದಿನ ಶತಮಾನದಲ್ಲಿ ನ್ಯೂಟನ್ನನ ಆಕರ್ಷಣ ನಿಯಮವು ಪ್ರಕಟವಾಯಿತು. ಅವನ ಸ್ನೇಹಿತ ಎಡ್ಮಂಡ್ ಹ್ಯಾಲಿಯು ಆ ನಿಯಮವನ್ನು ಹಿಡಿದು ಹಳೆಯ ಧೂಮಕೇತುಗಳ ದಾಖಲೆಗಳನ್ನು ಒಂದೊಂದಾಗಿ ಲೆಕ್ಕಕ್ಕಿಟ್ಟನು. ೧೫೩೧, ೧೬೦೭, ೧೬೮೨, ಈ ಮೂರು ವರ್ಷಗಳಲ್ಲಿ ಕಂಡ ಧೂಮಕೇತುಗಳ ಮಾರ್ಗಗಳು ಒಂದರ ಮೇಲೊಂದು ಇಟ್ಟಂತೆ ಹೊಂದಿಕೊಂಡವು. ಇವು ಮೂರಲ್ಲ, ಒಂದೇ. ಸೂರ್ಯನ ಸುತ್ತ ನೀಳವಾದ ಅಂಡಾಕಾರದ ಹಾದಿಯಲ್ಲಿ ಸುಮಾರು ೭೬ ವರ್ಷಗಳಿಗೊಮ್ಮೆ ಸುತ್ತಿಬರುವುದು. ೧೭೫೮ರಲ್ಲಿ ಮತ್ತೆ ಬರುವುದು ಎಂದು ೧೭೦೫ರಲ್ಲಿ ಅವನು ಬರೆದನು.

ರೈಲುಬಂಡಿಯ ವೇಳಾಪಟ್ಟಿ ಎಂತಹುದೆಂದು ನಮಗೆ ಗೊತ್ತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿನ ಕಡೆಗೆ ರೈಲುದಾರಿ ತೆರೆಯಿತು. ಬಂಡಿ ಹೊರಟ ಹೊತ್ತೂ ಅದರ ವೇಗವೂ ತಿಳಿದಿದ್ದರೂ, ದಾರಿಯಲ್ಲಿ ದೊಡ್ಡ ಮೇಲ್‌ಗಾಡಿಗೆ ದಾರಿ ಬಿಡಬೇಕಾಗಿ ಬಂದರೆ ಎಷ್ಟು ತಡವಾಗುವುದೆಂಬುದನ್ನು ಬೇರೆ ಲೆಕ್ಕ ಹಾಕಬೇಕಾಗುತ್ತದೆ. ಧೂಮಕೇತುವಿನ ದಾರಿಯಲ್ಲಿ ಗುರು, ಶನಿ ಎಂಬ ಎರಡು ದೊಡ್ಡ ಗಾಡಿಗಳಿವೆ. ಅವುಗಳ ಸೆಳೆತದಿಂದ ಅದು ಎಷ್ಟು ದಿನ ತಡವಾಗುವುದೆಂಬುದನ್ನು ಫ್ರಾನ್ಸಿನ ಕ್ಲೇರೋ, ಲಲಾಂಡ್ ಮತ್ತು ನಿಕೋಲ್ ರೀನ್ ಲಪೋಟ್ ಎಂಬ ಮಹಿಳೆ, ಈ ಮೂವರು ತಿಂಗಳುಗಟ್ಟಲೆ ಕುಳಿತು ಕೈಬರಹದಿಂದಲೇ ಗುಣಿಸಿ ಭಾಗಿಸಿ ೬೧೮ ದಿನಗಳೆಂದು ಕಂಡರು. ೧೭೫೮ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ರಾತ್ರಿ, ಜರ್ಮನಿಯ ಪಾಲಿಟ್ಶ್ ಎಂಬ ರೈತನು ತನ್ನ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡನು. ಮರುವರ್ಷ ಮಾರ್ಚ್ ೧೩ರಂದು ಅದು ಸೂರ್ಯನಿಗೆ ಅತಿ ಸಮೀಪವಾಯಿತು. ಲೆಕ್ಕಕ್ಕೂ ನೋಟಕ್ಕೂ ಬಿದ್ದ ವ್ಯತ್ಯಾಸ ಒಂದು ತಿಂಗಳು ಮಾತ್ರ. ಹ್ಯಾಲಿಯು ತೀರಿಕೊಂಡು ಆಗ ಹದಿನಾರು ವರ್ಷಗಳು ಕಳೆದಿದ್ದವು. ಗಣಿತಕ್ಕೆ ಸಿಕ್ಕದೆಂದು ವರಾಹಮಿಹಿರನು ಹೇಳಿದ್ದ ಕೇತು ಹೀಗೆ ಗಣಿತಕ್ಕೆ ಸಿಕ್ಕಿತು.

ಈ ಜಯವು ಬುದ್ಧಿಯೊಂದರಿಂದಲೇ ಬಂದುದಲ್ಲ. ೧೫೩೧ರಲ್ಲಿಯೂ ೧೬೦೭ರಲ್ಲಿಯೂ ಯಾರೋ ರಾತ್ರಿ ನಿದ್ದೆಗೆಟ್ಟು, ಇಂಥ ದಿನ ಇಂಥ ಹೊತ್ತಿನಲ್ಲಿ ಇಂಥ ನಕ್ಷತ್ರದ ಬಳಿ ಕಂಡಿತೆಂದು ಬರೆದಿಡದೆ ಹೋಗಿದ್ದರೆ ಹ್ಯಾಲಿಯ ಮುಂದೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಇದಕ್ಕಿಂತಲೂ ಹೆಚ್ಚಿನ ಉದಾಹರಣೆಯು ನಮ್ಮ ಮಾನ್ಯಖೇಟದ ಧೂಮಕೇತುವಿನದೇ. ೮೩೭ರಲ್ಲಿ ಅದು ಭೂಮಿಯ ಪಕ್ಕದಲ್ಲಿಯೇ ಹಾದುಹೋದುದರಿಂದ ಭೂಮಿಯ ಸೆಳೆತವೇ ಅದರ ಮಾರ್ಗವನ್ನು ಅಲ್ಲಾಡಿಸಿತು. ಇಂದಿನ ಗಣಕಯಂತ್ರಗಳಿಂದ ಹಿಂದು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಹೋದರೆ, ಆ ವರ್ಷಕ್ಕೆ ಬಂದೊಡನೆ ಸಣ್ಣ ತಪ್ಪೂ ದೊಡ್ಡದಾಗಿ ಬೆಳೆಯುವುದು. ೧೯೮೧ರಲ್ಲಿ ಯೋಮನ್ಸ್ ಮತ್ತು ಕಿಯಾಂಗ್ ಎಂಬ ಇಬ್ಬರು ಖಗೋಳಜ್ಞರು ಈ ತೊಡಕನ್ನು ಬಿಡಿಸಿದುದು ಹೇಗೆ? ಚೀನದ ಜ್ಯೋತಿಷಿಗಳು ೮೩೭ರಲ್ಲಿ ದಿನದಿನಕ್ಕೂ ಬರೆದಿಟ್ಟಿದ್ದ ಸ್ಥಾನಗಳಿಗೆ ತಮ್ಮ ಲೆಕ್ಕವನ್ನು ಸರಿಹೊಂದಿಸಿ, ಅಲ್ಲಿಂದಾಚೆಗೆ ಕ್ರಿಸ್ತಪೂರ್ವ ೧೪೦೪ರ ವರೆಗೆ ಹೋದರು. ೧೧೪೪ ವರ್ಷಗಳ ಹಿಂದಿನ ಗುಮಾಸ್ತನ ಬರಹವು ಯಂತ್ರಕ್ಕೆ ದಾರಿ ತೋರಿಸಿತು. ಆ ಗುಮಾಸ್ತನೂ ಶಕುನವನ್ನು ನಂಬಿದವನೇ. ಆದರೆ ಹೆದರಿಕೆಯ ನಡುವೆಯೂ ಅಳತೆ ತೆಗೆದು ಬರೆದಿಟ್ಟನು. ಹೆದರಿಕೆ ಅವನೊಡನೆಯೇ ಹೋಯಿತು. ಬರೆದ ಅಳತೆ ಉಳಿಯಿತು.

ನಮ್ಮ ನಾಡಿನಲ್ಲಿ ಬರೆಯುವ ಶ್ರದ್ಧೆ ಇರಲಿಲ್ಲವೆ? ಇದ್ದಿತು. ಅಮೋಘವರ್ಷನ ಕಾಲದ ಸಿರೂರಿನ ಶಾಸನವು ಶಕವರ್ಷ ೭೮೮ರ, ಎಂದರೆ ಕ್ರಿ. ಶ. ೮೬೬ರ, ಜ್ಯೇಷ್ಠ ಅಮಾವಾಸ್ಯೆಯ ಸೂರ್ಯಗ್ರಹಣವನ್ನು ವಾರ ಸಹಿತವಾಗಿ ಹೇಳುತ್ತದೆ. ಅವನ ಆಶ್ರಯವನ್ನು ಕೊಂಡಾಡಿದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದನು. ಲೆಕ್ಕ ಬಲ್ಲವರ ಕೊರತೆಯೂ ಇರಲಿಲ್ಲ. ಆದರೆ ಗ್ರಹಣವು ದಾನಕ್ಕೆ ಪ್ರಶಸ್ತವಾದ ಪರ್ವ. ದಿನ ಮೊದಲೇ ಗೊತ್ತಾದುದರಿಂದ ದಾನಪತ್ರವೂ ಸಿದ್ಧವಾಗಿರುತ್ತಿತ್ತು. ಹೇಳದೆ ಬರುವ ಧೂಮಕೇತುವಿನ ದಿನ ಯಾರೂ ಭೂಮಿಯನ್ನು ಧಾರೆಯೆರೆಯುವುದಿಲ್ಲ. ಹೀಗಾಗಿ ಕಲ್ಲಿನಲ್ಲಿ ಗ್ರಹಣಕ್ಕೆ ಸಿಕ್ಕ ಸ್ಥಾನ ಧೂಮಕೇತುವಿಗೆ ಸಿಕ್ಕಲಿಲ್ಲ. ಬೇಕಾದ ವಿದ್ಯೆ, ಬೇಕಾದ ಕಲ್ಲು ಎರಡೂ ಇದ್ದ ನಾಡಿನಲ್ಲಿ, ಬರೆದಿಡಲು ಯೋಗ್ಯವೆಂಬ ಭಾವನೆಯೊಂದು ಕಡಿಮೆಯಾದರೆ ಎಷ್ಟು ನಷ್ಟವಾಗುವುದೆಂಬುದು ಇದರಿಂದ ತಿಳಿಯುತ್ತದೆ.

ಹೆದರಿಕೆಯು ಹಳೆಯ ಕಾಲದೊಂದಿಗೆ ಮುಗಿಯಿತೆಂದೂ ಹೇಳುವಂತಿಲ್ಲ. ೧೯೧೦ರಲ್ಲಿ ಹ್ಯಾಲಿಯ ಧೂಮಕೇತು ಬಂದಾಗ ಈ ಐದು ಊರುಗಳೂ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿದ್ದವು. ಆ ಸಲ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂದು ಬೆಳಕಿನ ಪೃಥಕ್ಕರಣದಿಂದ ತಿಳಿದುಬಂದಿತು. ಮೇ ತಿಂಗಳ ೧೮, ೧೯ರ ಸುಮಾರಿಗೆ ಭೂಮಿಯು ಬಾಲದೊಳಗೆ ಹಾದುಹೋಗುವುದೆಂಬ ಸುದ್ದಿಯೂ ಹರಡಿತು. ಯೂರೋಪು ಅಮೆರಿಕಗಳ ವಿದ್ಯಾವಂತ ಪಟ್ಟಣಗಳಲ್ಲಿಯೇ ಜನರು ಕಿಟಕಿಯ ಸಂದುಗಳನ್ನು ಮುಚ್ಚಿದರು. ವಂಚಕರು ಧೂಮಕೇತುವಿನ ಗುಳಿಗೆಗಳನ್ನು ಮಾರಿದರು. ಆ ದಿನ ಕಳೆಯಿತು. ಯಾರಿಗೂ ಏನೂ ಆಗಲಿಲ್ಲ. ಬಾಲವೆಂಬುದು ನಾವು ಉಸಿರಾಡುವ ಗಾಳಿಗಿಂತ ಎಣಿಸಲಾಗದಷ್ಟು ತೆಳುವಾದದ್ದು. ಅದರ ಹಿಂದಿನ ನಕ್ಷತ್ರಗಳೇ ನಮಗೆ ಸ್ಪಷ್ಟವಾಗಿ ಕಾಣುತ್ತವೆ. ಅರ್ಧ ತಿಳಿವಳಿಕೆಯು ಕೆಲವು ವೇಳೆ ಅಜ್ಞಾನಕ್ಕಿಂತ ಹೆಚ್ಚು ಹೆದರಿಸುತ್ತದೆ.

ಅದೇ ಹೈದರಾಬಾದ್ ಸಂಸ್ಥಾನದಲ್ಲಿ ಅಷ್ಟರಲ್ಲಿಯೇ ನಿಜಾಮಿಯಾ ವೇಧಶಾಲೆಯು ಸ್ಥಾಪಿತವಾಗಿದ್ದಿತು. ನವಾಬ್ ಜಫರ್ ಜಂಗರು ೧೯೦೧ರಲ್ಲಿ ಆರಂಭಿಸಿದ ಈ ಸಂಸ್ಥೆಯು ೧೯೦೮ರಲ್ಲಿ ಸರ್ಕಾರದ ವಶಕ್ಕೂ ೧೯೧೯ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೂ ಸೇರಿತು. ಅಲ್ಲಿ ಕೆಲಸಮಾಡುತ್ತಿದ್ದ ಖಗೋಳಜ್ಞರೊಬ್ಬರ ಮಗ ವೇಣು ಬಾಪು. ಆ ತರುಣರು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡಿಗೆ ಹೋಗಿ, ೧೯೪೯ರ ಜುಲೈ ೨ರಂದು ತಾವೇ ತೆಗೆದ ಛಾಯಾಚಿತ್ರ ಫಲಕವೊಂದರಲ್ಲಿ ಅಪರಿಚಿತವಾದ ಬೆಳಕಿನ ಗೀರೊಂದನ್ನು ಕಂಡರು. ಅದು ಹೊಸ ಧೂಮಕೇತು! ಬಾಪು, ಬಾಕ್, ನ್ಯೂಕರ್ಕ್ ಎಂಬ ಮೂವರ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಅದು ಒಂದು ಸುತ್ತು ಬರಲು ಸುಮಾರು ಅರುವತ್ತು ಸಾವಿರ ವರ್ಷ ಬೇಕೆಂದು ಲೆಕ್ಕವಾಯಿತು. ಮುಂದೆ ಅವರೇ ಕೊಡೈಕನಾಲಿನ ನಿರ್ದೇಶಕರಾಗಿ, ಕಾವಲೂರಿನ ವೇಧಶಾಲೆಯನ್ನು ಕಟ್ಟಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಅಡಿಗಲ್ಲಾದರು.

ಇತ್ತೀಚಿನ ಅತಿಥಿಯ ವಿಷಯವನ್ನೂ ಹೇಳಬೇಕು. ಚೀನದ ತ್ಸುಚಿನ್‌ಶಾನ್ ವೇಧಶಾಲೆಯವರೂ ಅಟ್ಲಾಸ್ ಎಂಬ ಆಕಾಶ ಕಾವಲಿನವರೂ ೨೦೨೩ರಲ್ಲಿ ಗುರುತಿಸಿದ ಧೂಮಕೇತುವೊಂದು ೨೦೨೪ರ ಸೆಪ್ಟೆಂಬರ್ ೨೭ರಂದು ಸೂರ್ಯನಿಗೆ ಸುಮಾರು ೫.೮ ಕೋಟಿ ಕಿಲೋಮೀಟರ್ ಸಮೀಪಕ್ಕೆ ಬಂದು, ಅಕ್ಟೋಬರ್ ೧೨ರಂದು ಭೂಮಿಗೆ ೭ ಕೋಟಿ ಕಿಲೋಮೀಟರ್ ದೂರದಲ್ಲಿ ಹಾದಿತು. ಮೊದಲು ಮುಂಜಾನೆ ಪೂರ್ವದಲ್ಲಿ, ಆಮೇಲೆ ಸಂಜೆ ಪಶ್ಚಿಮದಲ್ಲಿ, ಶುಕ್ರನಿಗೂ ಸ್ವಾತಿ ನಕ್ಷತ್ರಕ್ಕೂ ನಡುವಣ ಭಾಗದಲ್ಲಿ ಅದರ ಸ್ಥಾನವಿದ್ದಿತು. ಮನುಷ್ಯರ ಎಣಿಕೆಯೊಳಗೆ ಅದು ಮತ್ತೆ ಬರುವಂತಿಲ್ಲ. ದಿಗಂತಕ್ಕೆ ಅಷ್ಟು ಸಮೀಪದಲ್ಲಿರುವ ಮಸುಕಾದ ಬೆಳಕನ್ನು ಕಾಣಲು ದೂರದರ್ಶಕಕ್ಕಿಂತ ಮೊದಲು ಬೇಕಾದುದು ಕತ್ತಲೆ. ಈ ಸೀಮೆಯ ಸುಣ್ಣದ ಕಲ್ಲು ಸಿಮೆಂಟಾಗಿ ದೇಶವನ್ನು ಕಟ್ಟುತ್ತಿದೆ. ವಾಡಿ, ಶಹಾಬಾದ, ಸೇಡಂಗಳಲ್ಲಿ ಇರುಳೂ ದೀಪಗಳು ಉರಿಯಬೇಕಾದುದು ಸಹಜ. ಆದರೆ ದೀಪಕ್ಕೆ ಮೇಲ್ಮುಚ್ಚಳವನ್ನಿಟ್ಟು ಬೆಳಕನ್ನು ನೆಲಕ್ಕೆ ತಿರುಗಿಸಿದರೆ ಕೆಲಸವೂ ಕೆಡುವುದಿಲ್ಲ, ಆಕಾಶವೂ ಕೆಡುವುದಿಲ್ಲ. ಮೇಲಕ್ಕೆ ಚೆಲ್ಲುವ ಬೆಳಕಿನಿಂದ ಯಾರಿಗೂ ಪ್ರಯೋಜನವಿಲ್ಲ. ಚಿಂಚೋಳಿಯ ಕಾಡಿನ ಕಡೆಗೆ ಇನ್ನೂ ಕತ್ತಲೆ ಉಳಿದಿದೆ. ಆ ಕಾಡಿನೊಡನೆ ಅದರ ಕತ್ತಲೆಯನ್ನೂ ಕಾಪಾಡಿಕೊಳ್ಳುವುದು ಲೇಸು.

ಹ್ಯಾಲಿಯ ಧೂಮಕೇತುವು ನೆಪ್ಚೂನಿನಾಚೆಯ ತನ್ನ ದೂರದ ತುದಿಯನ್ನು ೨೦೨೩ರ ಡಿಸೆಂಬರ್ ೯ರಂದು ಮುಟ್ಟಿ, ಅಲ್ಲಿಂದ ಹಿಂತಿರುಗಿದೆ. ಅದು ನಮ್ಮ ಕಡೆಗೇ ಬರುತ್ತಿದೆ. ೨೦೬೧ರ ಜುಲೈ ೨೮ರಂದು ಸೂರ್ಯನಿಗೆ ಅತಿ ಸಮೀಪವಾಗುವುದು. ೧೯೮೬ರಲ್ಲಿ ಅದು ನಮ್ಮನ್ನು ನಿರಾಶೆಗೊಳಿಸಿತು. ಈ ಸಲ ಭೂಮಿ ಇರುವ ಕಡೆಯಲ್ಲಿಯೇ ಹಾಯುವುದರಿಂದ ಹೆಚ್ಚು ಪ್ರಕಾಶವಾಗಿ ಕಾಣಬೇಕು. ಅದು ಮಳೆಗಾಲ, ನಿಜ. ತೊಗರಿಯ ಹೊಲಕ್ಕೆ ಮೋಡ ಬೇಕು. ನಡುವೆ ಒಂದೆರಡು ಸಂಜೆ ಅದು ಬಿರಿದರೆ ನಮಗೆ ಸಾಕು. ಇಂದು ಸೇಡಂ, ಚಿತ್ತಾಪುರಗಳ ಶಾಲೆಗಳಲ್ಲಿ ಕುಳಿತಿರುವ ಹತ್ತು ವರ್ಷದ ಮಕ್ಕಳು ಆಗ ಈಗಿನ ನನ್ನ ವಯಸ್ಸಿನವರಾಗಿರುತ್ತಾರೆ.

ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹ್ಯಾಲಿಯು ತನ್ನ ದಾರಿಯುದ್ದಕ್ಕೂ ಚೆಲ್ಲಿರುವ ಧೂಳಿನೊಳಗೆ ಭೂಮಿಯು ವರ್ಷಕ್ಕೆ ಎರಡು ಸಲ ಹಾಯುವುದು. ಮೇ ತಿಂಗಳ ೫, ೬ರ ಬೆಳಗಿನ ಜಾವದಲ್ಲಿ ಕುಂಭರಾಶಿಯ ಕಡೆಯಿಂದಲೂ, ಅಕ್ಟೋಬರ್ ೨೧ರ ಸುಮಾರಿಗೆ ನಡುರಾತ್ರಿಯ ಮೇಲೆ ಮಹಾವ್ಯಾಧ ಪುಂಜದ ಕಡೆಯಿಂದಲೂ ಉಲ್ಕೆಗಳು ಬೀಳುತ್ತವೆ. ಅವು ಹ್ಯಾಲಿಯ ಧೂಳೇ. ತಂದೆತಾಯಂದಿರು ಮಕ್ಕಳನ್ನು ದೀಪವಿಲ್ಲದ ಕಡೆಗೆ ಕರೆದೊಯ್ದು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಇಪ್ಪತ್ತು ನಿಮಿಷ ಕಾದು, ಕಂಡುದನ್ನು ಒಂದು ಪುಸ್ತಕದಲ್ಲಿ ಬರೆಯಿಸಬೇಕು. ದಿನಾಂಕ, ಹೊತ್ತು, ಊರು, ದಿಕ್ಕು, ಹತ್ತಿರದ ನಕ್ಷತ್ರ, ಕಂಡ ಉಲ್ಕೆಗಳ ಸಂಖ್ಯೆ, ಇಷ್ಟು ಸಾಕು. ಧೂಮಕೇತುವಾದರೆ ಬಾಲದ ಉದ್ದವನ್ನೂ ಸೇರಿಸಬೇಕು. ಚಾಚಿದ ಕೈಯ ಒಂದು ಮುಷ್ಟಿ ಸುಮಾರು ಹತ್ತು ಅಂಶವೆಂದು ಎಣಿಸಿದರೆ ಅಳತೆ ದೊರೆಯುವುದು.

೮೩೭ರಲ್ಲಿ ಮಾನ್ಯಖೇಟದವರು ಕಂಡುದನ್ನು ನಾವು ಚೀನದವರ ಪುಸ್ತಕದಿಂದ ತಿಳಿಯಬೇಕಾಯಿತು. ೨೦೬೧ರಲ್ಲಿ ಮಳಖೇಡದ ಮೇಲೆ ಕಂಡುದು ಮಳಖೇಡದವರ ಬರಹದಿಂದಲೇ ತಿಳಿಯುವಂತಾಗಲಿ.